‘ಆಟೋ’ ಇಳಿದ ಮೇಲೆ
(ಮಹಿಳಾ ವೇದಿಕೆಯ ಮಾಸಿಕ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಕ್ರಾಂತಿಯ ಕಾರ್ಯಕ್ರಮದಲ್ಲಿ ನಾನು ತೆಗೆದ ಕೆಲವು ರಾಜಹಂಸಗಳ ಚಿತ್ರ ತೋರಿಸಿದ್ದೆ. ಆಮೇಲೆ ಎಳ್ಳು-ಬೆಲ್ಲ ಕೊಡುತ್ತಾ ಬಹಳ ಜನ ಮಾತಾಡಿಸಿದಿರಿ. ಹೆಚ್ಚಿನವರು ಹೇಳಿದ್ದು ಎರಡೇ ಮಾತು. ಒಂದು, “ನಿಮ್ಮ ಕ್ಯಾಮೆರಾ ತುಂಬಾ ಚೆನ್ನಾಗಿದೆ.” ಇನ್ನೊಂದು, “ನಮಗೆ ಆ ಟೆಕ್ನಿಕಲ್ ಎಲ್ಲಾ ತಲೆಗೆ ಹತ್ತಲ್ಲಪ್ಪ.” ಮೊದಲನೆಯ ಮಾತಿಗೆ ಕ್ಯಾಮೆರಾದ ಪರವಾಗಿ ಧನ್ಯವಾದ ಹೇಳುತ್ತೇನೆ. ಎರಡನೆಯದನ್ನು ಮಾತ್ರ ಒಪ್ಪುವುದಿಲ್ಲ. ಅದು ಯಾಕೆ ಅಂತ ಹೇಳುವುದಕ್ಕೇ ಇವತ್ತು ನಿಂತಿದ್ದೇನೆ.

ನಾನು ಕ್ಯಾಮೆರಾ ಹಿಡಿದದ್ದು ಕೆಲಸದಿಂದ ನಿವೃತ್ತಳಾದ ಮೇಲೆ, ಮೂರು ವರ್ಷದ ಹಿಂದೆ. ಮಗಳು ತನ್ನ ಹಳೆಯ ನಿಕಾನ್ ಕ್ಯಾಮೆರಾವನ್ನು 70-300 ಲೆನ್ಸ್ ಸಮೇತ ನನ್ನ ಕೈಗೆ ಕೊಟ್ಟು, ಅದರ ಮೇಲಿನ ಗುಂಡು ಚಕ್ರವನ್ನು ‘ಆಟೋ’ಗೆ ತಿರುಗಿಸಿ, “ಅಮ್ಮಾ, ಇದನ್ನ ಮುಟ್ಟಬೇಡ, ಬರೀ ಬಟನ್ ಒತ್ತು” ಅಂದಳು. ಪ್ರೀತಿಯಿಂದಲೇ ಅಂದಳು. ನಮ್ಮಲ್ಲಿ ಎಷ್ಟು ಜನಕ್ಕೆ ಎಷ್ಟು ವಸ್ತುಗಳು ಹೀಗೆ ಕೈಗೆ ಬಂದಿವೆ, ನೀವೇ ಯೋಚಿಸಿ. ಫೋನ್, ಬ್ಯಾಂಕಿನ ಆ್ಯಪ್, ವಾಷಿಂಗ್ ಮೆಷಿನ್! “ಇದನ್ನ ಮುಟ್ಟಬೇಡ” ಅನ್ನುವ ಮಾತು ಜೊತೆಗೇ ಬರುತ್ತದೆ.

ಮನೆಯ ಹುಟ್ಟುಹಬ್ಬಕ್ಕೆ ‘ಆಟೋ’ ಸಾಕು. ಹಕ್ಕಿಗೆ ಸಾಲದು. ಕಾರಣ ಸರಳ. ತನ್ನ ಮುಂದೆ ಎಷ್ಟು ಬೆಳಕಿದೆ ಅಂತ ಕ್ಯಾಮೆರಾ ಅಳೆಯಬಲ್ಲದು. ಆ ಬೆಳಕಿನಲ್ಲಿ ನಿಂತಿರುವ ಹಕ್ಕಿ ಮುಂದಿನ ಕ್ಷಣ ಹಾರುತ್ತದೋ, ನಿದ್ದೆ ಮಾಡುತ್ತದೋ ಅದಕ್ಕೆ ತಿಳಿಯದು. ನಿಮಗೆ ತಿಳಿಯುತ್ತದೆ, ಹತ್ತು ನಿಮಿಷ ಸುಮ್ಮನೆ ಕೂತು ನೋಡಿದ್ದರೆ. ಸೆಟ್ಟಿಂಗ್ ಅಂದರೆ ಇಷ್ಟೇ: ನಾವು ನೋಡಿ ತಿಳಿದದ್ದನ್ನು ಕ್ಯಾಮೆರಾಕ್ಕೆ ಹೇಳುವುದು.

ಹೇಳಬೇಕಾದದ್ದು ಮೂರು ವಿಷಯ. ನಮ್ಮ ಕಟ್ಟಡಗಳಲ್ಲಿ ಬೆಳಿಗ್ಗೆ ನಲ್ಲಿ ನೀರು ಬರುವುದನ್ನು ನೆನಪಿಸಿಕೊಳ್ಳಿ. ಬಕೆಟ್ ತುಂಬಬೇಕಾದರೆ ನಲ್ಲಿಯನ್ನು ಜಾಸ್ತಿ ತಿರುಗಿಸಬಹುದು, ಇಲ್ಲವೇ ಹೆಚ್ಚು ಹೊತ್ತು ಬಿಡಬಹುದು. ಕ್ಯಾಮೆರಾದಲ್ಲಿ ನಲ್ಲಿಯ ಬಾಯಿಗೆ ಅಪರ್ಚರ್ ಅಂತ ಹೆಸರು, ಬಿಟ್ಟ ಹೊತ್ತಿಗೆ ಶಟರ್ ಸ್ಪೀಡ್ ಅಂತ ಹೆಸರು. ಮೂರನೆಯದು ಐ.ಎಸ್.ಒ. ಅದನ್ನು ಹಳೆಯ ರೇಡಿಯೊದ ವಾಲ್ಯೂಮ್ ಅಂದುಕೊಳ್ಳಿ. ದೂರದ ಸ್ಟೇಷನ್ ಕೇಳಿಸದಿದ್ದರೆ ವಾಲ್ಯೂಮ್ ಏರಿಸುತ್ತೇವೆ. ಹಾಡಿನ ಜೊತೆಗೆ ಗರಗರ ಸದ್ದೂ ಏರುತ್ತದೆ. ಐ.ಎಸ್.ಒ. ಏರಿಸಿದರೆ ಚಿತ್ರ ಬೆಳಗುತ್ತದೆ, ಜೊತೆಗೆ ರವೆ ಉದುರಿಸಿದ ಹಾಗೆ ಕಾಳುಕಾಳಾಗುತ್ತದೆ.

ಈ ಮೂರರಲ್ಲಿ ಯಾವುದೂ ಪುಕ್ಕಟೆಯಲ್ಲ. ಶಟರ್ ಸ್ಪೀಡನ್ನು ಸೆಕೆಂಡಿನ 1/500ರಿಂದ 1/1000ಕ್ಕೆ ಏರಿಸಿದರೆ ರೆಕ್ಕೆ ಸ್ಪಷ್ಟವಾಗುತ್ತದೆ, ಆದರೆ ಒಳಗೆ ಬರುವ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಅಪರ್ಚರ್ ಅನ್ನು ಎಫ್ 8ರಿಂದ ಎಫ್ 5.6ಕ್ಕೆ ತಂದರೆ ಬೆಳಕು ಎರಡರಷ್ಟಾಗುತ್ತದೆ. ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದು, ಇದೊಂದನ್ನು ಬಾಯಿಪಾಠ ಮಾಡಿಕೊಳ್ಳಿ. ಆದರೆ ಬಾಯಿ ದೊಡ್ಡದಾದರೆ ಸ್ಪಷ್ಟವಾಗಿ ಕಾಣುವ ಆಳ ಕಡಿಮೆಯಾಗುತ್ತದೆ. ನನ್ನ ಲೆನ್ಸನ್ನು 300ಕ್ಕೆ ಚಾಚಿ, ಎಫ್ 5.6 ಇಟ್ಟು, 10 ಮೀಟರ್ ದೂರದ ಕೊಕ್ಕರೆಯನ್ನು ತೆಗೆದರೆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಆಳ ಮಾತ್ರ ಸ್ಪಷ್ಟ. ಕೊಕ್ಕರೆ ನಮ್ಮ ಕಡೆ ಮುಖ ಮಾಡಿ ನಿಂತಿದ್ದರೆ ಕಣ್ಣು ಸಿಗುತ್ತದೆ, ಬಾಲ ಮಸುಕಾಗುತ್ತದೆ. ಇನ್ನು ಐ.ಎಸ್.ಒ. 400ರಿಂದ 800ಕ್ಕೆ ಹೋದರೆ ಬೆಳಕಿನ ಲೆಕ್ಕ ದುಪ್ಪಟ್ಟು, ಕಾಳೂ ಹೆಚ್ಚು. ಒಂದನ್ನು ಪಡೆಯಲು ಇನ್ನೊಂದನ್ನು ಕೊಡಬೇಕು. ತಿಂಗಳ ಸಂಬಳವನ್ನು ಹಾಲು, ಫೀಸು, ಔಷಧಿ, ಊರಿನ ಟಿಕೆಟ್ ಅಂತ ಹಂಚಿ ಮನೆ ನಡೆಸಿದವರಿಗೆ ಈ ಲೆಕ್ಕ ಹೊಸದೇ?

ಒಂದು ಉದಾಹರಣೆ ಕೊಡುತ್ತೇನೆ. ಚಳಿಗಾಲದ ಬೆಳಿಗ್ಗೆ, ಠಾಣೆ ಖಾರಿಯ ದಡ, ಸೂರ್ಯ ಇನ್ನೂ ಸರಿಯಾಗಿ ಮೇಲೆ ಬಂದಿಲ್ಲ. ಅಪರ್ಚರ್ ಅನ್ನು ಲೆನ್ಸ್ ಬಿಡುವಷ್ಟು ಅಗಲ ತೆರೆದಿದ್ದೇನೆ. ಹಾರುವ ರಾಜಹಂಸದ ರೆಕ್ಕೆಯನ್ನು ನಿಲ್ಲಿಸಲು 1/1600 ಬೇಕು. ಆ ಮಂದ ಬೆಳಕಿನಲ್ಲಿ ಅದಕ್ಕೆ ಐ.ಎಸ್.ಒ. 6400 ಕೇಳುತ್ತಿದೆ ಅಂತಿಟ್ಟುಕೊಳ್ಳಿ. ಚಿತ್ರ ಬರುತ್ತದೆ, ಆದರೆ ಕಾಳುಕಾಳು. ಈಗ ಅದೇ ಹಕ್ಕಿಯನ್ನು ಗಮನಿಸಿ. ಅದು ಹಾರುತ್ತಿಲ್ಲ. ಕೊಕ್ಕನ್ನು ತಲೆಕೆಳಗಾಗಿ ನೀರಿಗೆ ಅದ್ದಿ, ಕೆಸರು ಜಾಲಿಸಿ ತಿನ್ನುತ್ತಾ ನಿಂತಲ್ಲೇ ನಿಂತಿದೆ. ಅದಕ್ಕೆ 1/400 ಸಾಕು. 1600ರಿಂದ 800, 800ರಿಂದ 400, ಎರಡು ಮೆಟ್ಟಿಲು ಇಳಿದೆವು. ಐ.ಎಸ್.ಒ. ಕೂಡ ಎರಡು ಮೆಟ್ಟಿಲು ಇಳಿದು 1600ಕ್ಕೆ ಬಂತು. ಹೊಸ ಕ್ಯಾಮೆರಾ ಕೊಳ್ಳಲಿಲ್ಲ, ದೊಡ್ಡ ಲೆನ್ಸ್ ಕೊಳ್ಳಲಿಲ್ಲ. ಹಕ್ಕಿ ಈಗ ಹಾರುವುದಿಲ್ಲ ಅನ್ನುವ ಒಂದು ತಿಳಿವಳಿಕೆಯಿಂದ ಚಿತ್ರ ಅಷ್ಟು ತಿಳಿಯಾಯಿತು.

ಹಾಗಾದರೆ ಯಾವಾಗ ಹಾರುತ್ತದೆ? ಅದನ್ನೂ ಹಕ್ಕಿಯೇ ಹೇಳುತ್ತದೆ. ರಾಜಹಂಸ ನಿಂತ ಜಾಗದಿಂದ ನೆಟ್ಟಗೆ ಏಳುವುದಿಲ್ಲ, ನೀರಿನ ಮೇಲೆ ಕೆಲವು ಹೆಜ್ಜೆ ಓಡಿಯೇ ಏಳುತ್ತದೆ. ಹಿಂಡಿನಲ್ಲಿ ಒಂದೊಂದಾಗಿ ಕುತ್ತಿಗೆಗಳು ನೆಟ್ಟಗಾಗಿ, ಎಲ್ಲವೂ ಒಂದೇ ದಿಕ್ಕಿಗೆ ನಡೆಯತೊಡಗಿದರೆ ನನ್ನ ಹೆಬ್ಬೆರಳು ಶಟರ್ ಸ್ಪೀಡಿನ ಚಕ್ರಕ್ಕೆ ಹೋಗುತ್ತದೆ. ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಏಳುತ್ತವೆ. ಗಾಳಿಯೂ ಸೂರ್ಯನೂ ನಮ್ಮ ಬೆನ್ನಿಗಿದ್ದರೆ ಅವು ನಮ್ಮತ್ತ ಮುಖ ಮಾಡಿ, ಬೆಳಕಿಗೆ ಮುಖ ಕೊಟ್ಟು ಏಳುತ್ತವೆ. ಇದಕ್ಕೆ ಕ್ಯಾಮೆರಾದಲ್ಲಿ ಯಾವ ಬಟನ್ನೂ ಇಲ್ಲ. ಸೆರಗು ಯಾವ ಕಡೆ ಹಾರುತ್ತಿದೆ ಅಂತ ನೋಡಿಕೊಂಡರೆ ಸಾಕು.

ಮುಂಬಯಿಯಲ್ಲಿರುವ ನಮಗೆ ಇನ್ನೊಂದು ಅನುಕೂಲವಿದೆ. ನವೆಂಬರಿನಿಂದ ಮೇ ತನಕ ಸಾವಿರಾರು ರಾಜಹಂಸಗಳು ನಮ್ಮ ಮನೆ ಬಾಗಿಲಲ್ಲೇ ಇರುತ್ತವೆ. ಠಾಣೆ ಖಾರಿಯನ್ನು 2015ರಲ್ಲಿ ರಾಜಹಂಸಗಳ ಅಭಯಾರಣ್ಯವೆಂದು ಘೋಷಿಸಿದರು. 2022ರಲ್ಲಿ ಅದು ರಾಮ್ಸರ್ ಪಟ್ಟಿಗೂ ಸೇರಿತು. ನಮ್ಮ ರಂಗನತಿಟ್ಟು ಆ ಪಟ್ಟಿಗೆ ಸೇರಿದ್ದೂ ಅದೇ ವರ್ಷ. ಐರೋಳಿಯಿಂದ ಅರಣ್ಯ ಇಲಾಖೆಯ ದೋಣಿಗಳು ಹೋಗುತ್ತವೆ. ಆದರೆ ಹೊತ್ತನ್ನು ಗಡಿಯಾರ ನೋಡಿ ಗೊತ್ತುಮಾಡುವ ಹಾಗಿಲ್ಲ, ಸಮುದ್ರ ನೋಡಿ ಗೊತ್ತುಮಾಡಬೇಕು. ಇಳಿತದಲ್ಲಿ ಹಕ್ಕಿಗಳು ದೂರದ ಕೆಸರಿನ ಮೇಲೆ ಹರಡಿಕೊಂಡಿರುತ್ತವೆ, ಬರೀ ಗುಲಾಬಿ ಚುಕ್ಕಿಗಳು. ಭರತದ ನೀರು ಏರಿದಂತೆ ದಡದ ಹತ್ತಿರಕ್ಕೆ ಸರಿಯುತ್ತವೆ.

ಈ ಭರತದ ಹೊತ್ತು ತಿಳಿಯಲು ನಿಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ಸಾಕು. ತಿಥಿಯ ಸಂಖ್ಯೆಯನ್ನು ಮುಕ್ಕಾಲರಿಂದ ಗುಣಿಸಿ. ಅಷ್ಟಮಿಯಾದರೆ ಎಂಟರ ಮುಕ್ಕಾಲು ಆರು, ಅಂದರೆ ಮುಂಬಯಿಯಲ್ಲಿ ಸುಮಾರು ಆರು ಗಂಟೆಗೆ ಭರತ. ಏಕಾದಶಿಗೆ ಎಂಟೂ ಕಾಲು. ಹುಣ್ಣಿಮೆ, ಅಮಾವಾಸ್ಯೆಗೆ ಹೆಚ್ಚುಕಡಿಮೆ ನಡುಮಧ್ಯಾಹ್ನ. ಮೀನುಗಾರರ ಈ ಲೆಕ್ಕ ಅಂದಾಜಿನದು, ಹೊರಡುವ ಮೊದಲು ಭರತದ ಪಟ್ಟಿ ನೋಡಿಯೇ ಹೊರಡಿ; ಖಾರಿಯ ಒಳಗೆ ನೀರು ಸ್ವಲ್ಪ ತಡವಾಗಿಯೂ ಏರುತ್ತದೆ. ಆದರೂ ದಶಮಿ, ಏಕಾದಶಿಯ ಬೆಳಿಗ್ಗೆ ಎಳೆಬಿಸಿಲು, ಏರುವ ನೀರು ಎರಡೂ ಕೂಡಿ ಬರುತ್ತವೆ ಅನ್ನುವುದು ನನಗೆ ಕ್ಯಾಲೆಂಡರಿನಿಂದಲೇ ಸಿಕ್ಕಿದ ಪಾಠ. ಏಕಾದಶಿ ಉಪವಾಸ ಮಾಡುವವರಿಗೆ ಬೆಳಗಿನ ತಿಂಡಿಯ ಗಡಿಬಿಡಿಯೂ ಇರುವುದಿಲ್ಲ!

ಮುಂದಿನ ವಿಷಯ ಬಣ್ಣದ್ದು, ಅದರಲ್ಲೂ ಬಿಳಿ-ಕಪ್ಪಿನದು. ಕ್ಯಾಮೆರಾದ ಬೆಳಕಿನ ಮಾಪಕ ಮೂಲತಃ ಲೋಕವೆಲ್ಲ ಸರಾಸರಿ ಬೂದು ಬಣ್ಣದ್ದು ಅಂತ ನಂಬಿಕೊಂಡಿದೆ. ಚೌಕಟ್ಟಿನ ತುಂಬ ಬೆಳ್ಳಕ್ಕಿ ಇದ್ದರೆ, “ಅಯ್ಯೋ, ಬೆಳಕು ಜಾಸ್ತಿಯಾಯಿತು” ಅಂತ ತಗ್ಗಿಸಿ ಅದನ್ನು ಬೂದು ಮಾಡುತ್ತದೆ. ಚೌಕಟ್ಟಿನ ತುಂಬ ಕಾಗೆ ಇದ್ದರೆ ಬೆಳಕು ಏರಿಸಿ ಅದನ್ನೂ ಬೂದು ಮಾಡುತ್ತದೆ. ನಾನು ಇದನ್ನು ಬಾಲ್ಕನಿಯಲ್ಲಿ ಒಂದು ಬಿಳಿ ಪಂಚೆ, ಒಂದು ಕಪ್ಪು ಕೊಡೆ ಹರವಿ ಪರೀಕ್ಷೆ ಮಾಡಿದೆ. ಎರಡೂ ಚಿತ್ರದಲ್ಲಿ ಅಕ್ಕತಂಗಿಯರ ಹಾಗೆ ಒಂದೇ ಬಣ್ಣ. ಇದಕ್ಕೆ ಮದ್ದು ಕ್ಯಾಮೆರಾದ ಮೇಲಿನ ‘ಪ್ಲಸ್-ಮೈನಸ್’ ಬಟನ್. ಚೌಕಟ್ಟು ತುಂಬುವ ಬೆಳ್ಳಕ್ಕಿಗೆ ಪ್ಲಸ್, ಚೌಕಟ್ಟು ತುಂಬುವ ಕಾಗೆಗೆ ಮೈನಸ್.

ಆದರೆ ‘ಬಿಳಿಗೆ ಪ್ಲಸ್’ ಅಂತ ಉರುಹೊಡೆದರೆ ಆಗದು. ಅದೇ ಬೆಳ್ಳಕ್ಕಿ ಕಪ್ಪು ಕೆಸರಿನ ನಡುವೆ ಅಂಗೈಯಷ್ಟು ಚಿಕ್ಕದಾಗಿ ಕಂಡರೆ, ಕ್ಯಾಮೆರಾ ಕೆಸರನ್ನು ನೋಡಿ ಬೆಳಕು ಏರಿಸುತ್ತದೆ. ಹಕ್ಕಿ ಗರಿಯೇ ಇಲ್ಲದ ಬಿಳಿ ಕಾಗದವಾಗುತ್ತದೆ. ಅಲ್ಲಿ ಮೈನಸ್ ಬೇಕು. ಹಾಗೆಯೇ ಬೆಳಗುವ ಆಕಾಶದಲ್ಲಿ ಹಾರುವ ಹದ್ದಿಗೆ ಪ್ಲಸ್ ಬೇಕು, ಇಲ್ಲವಾದರೆ ಅದು ಬರೀ ನೆರಳು. ಹಕ್ಕಿ ಮಾತ್ರವಲ್ಲ, ಹಕ್ಕಿಯ ಹಿಂದೆ ಏನಿದೆ ಅಂತಲೂ ನೋಡಬೇಕು. ಉರಿಬಿಸಿಲಿನಲ್ಲಿ ಪರದೆಯನ್ನು ನಂಬಬೇಡಿ. ಹಿಸ್ಟೋಗ್ರಾಮ್ ಅಂತ ಗುಡ್ಡದ ಆಕಾರದ ಒಂದು ನಕ್ಷೆ ಇರುತ್ತದೆ. ಗುಡ್ಡ ಬಲಗಡೆಯ ಗೋಡೆಗೆ ಒತ್ತಿ ನಿಂತಿದ್ದರೆ ಬಿಳಿಯ ವಿವರ ಹೋಯಿತು ಅಂತ ಅರ್ಥ.

ಇನ್ನು ಫೋಕಸ್. ಹಕ್ಕಿಯ ಚಿತ್ರದಲ್ಲಿ ಕಣ್ಣು ಸ್ಪಷ್ಟವಾಗಿದ್ದರೆ ಉಳಿದದ್ದು ಮಸುಕಾದರೂ ಮನಸ್ಸು ಒಪ್ಪುತ್ತದೆ. ಚಲಿಸುವ ಹಕ್ಕಿಗೆ ನಿಕಾನ್, ಸೋನಿಯಲ್ಲಿ ‘ಎ.ಎಫ್.-ಸಿ’, ಕ್ಯಾನನ್‌ನಲ್ಲಿ ‘ಸರ್ವೋ’ ಅನ್ನುವ ವಿಧಾನ ಇದೆ. ಬಟನ್ ಅರ್ಧ ಒತ್ತಿ ಹಿಡಿದರೆ ಹಕ್ಕಿ ಹತ್ತಿರ ಬಂದ ಹಾಗೆಲ್ಲ ಫೋಕಸ್ ಹಿಂಬಾಲಿಸುತ್ತದೆ. ಕೊಂಬೆಗಳ ನಡುವೆ ಕೂತ ಕಾಜಾಣಕ್ಕೆ ಒಂದೇ ಚುಕ್ಕಿಯ ಫೋಕಸ್ ಇಟ್ಟು ಕಣ್ಣಿನ ಮೇಲೆ ಹಿಡಿಯಿರಿ, ಇಲ್ಲದಿದ್ದರೆ ಕ್ಯಾಮೆರಾ ಮುಂದಿನ ಎಲೆಯನ್ನು ಆರಿಸಿಕೊಳ್ಳುತ್ತದೆ. ಖಾಲಿ ಆಕಾಶದಲ್ಲಿ ಹಾರುವ ಹಕ್ಕಿಗೆ ಹಲವು ಚುಕ್ಕಿಗಳ ಗುಂಪು ಒಳ್ಳೆಯದು. ಲೆನ್ಸಿನ ಅಲುಗಾಟ ತಡೆಯುವ ಸೌಲಭ್ಯ ನಮ್ಮ ಕೈನಡುಕಕ್ಕೆ ಮಾತ್ರ, ಹಕ್ಕಿಯ ಓಟಕ್ಕಲ್ಲ.

ಕನ್ನಡಕ ಇರುವವರಿಗೆ ಒಂದು ಗುಟ್ಟು. ಕಣ್ಣಿಟ್ಟು ನೋಡುವ ಕಿಂಡಿಯ ಪಕ್ಕದಲ್ಲಿ ಸಣ್ಣದೊಂದು ಚಕ್ರ ಇರುತ್ತದೆ, ಡಯಾಪ್ಟರ್ ಅಂತ. ಒಳಗಿನ ಅಂಕಿಗಳು ಚೊಕ್ಕವಾಗಿ ಕಾಣುವ ತನಕ ಅದನ್ನು ತಿರುಗಿಸಿ. ನಮ್ಮ ವಯಸ್ಸಿನವರಿಗೆ ಎಲ್ಲ ಸೆಟ್ಟಿಂಗಿಗಿಂತ ಮೊದಲ ಸೆಟ್ಟಿಂಗ್ ಇದೇ.

ಎಲ್ಲವನ್ನೂ ಒಂದೇ ದಿನ ಹಿಡಿಯಬೇಕಿಲ್ಲ. ಮೊದಲು ಚಕ್ರವನ್ನು ‘ಎಸ್’ಗೆ ತಿರುಗಿಸಿ, ಕ್ಯಾನನ್ ಆದರೆ ‘ಟಿ.ವಿ.’. ಐ.ಎಸ್.ಒ.ವನ್ನು ಕ್ಯಾಮೆರಾಕ್ಕೇ ಬಿಟ್ಟು, ಮೇಲಿನ ಮಿತಿ 3200 ಅಂತ ಹಾಕಿ. ಆಗ ನಿಮ್ಮ ಕೈಯಲ್ಲಿ ಒಂದೇ ನಿರ್ಧಾರ, ಶಟರ್ ಸ್ಪೀಡ್. ಕೂತ ಹಕ್ಕಿಗೆ 1/500, ನಡೆಯುವ ಹಕ್ಕಿಗೆ 1/800, ಹಾರುವ ದೊಡ್ಡ ಹಕ್ಕಿಗೆ 1/1600, ಧುಮುಕುವ ಮಿಂಚುಳ್ಳಿಗೆ 1/2500 ಅಥವಾ ಇನ್ನೂ ಹೆಚ್ಚು. ಬೆಳಕು ತೀರಾ ಕಡಿಮೆಯಾಗಿ, ಹಕ್ಕಿ ಅಲ್ಲಾಡದೆ ಇದ್ದರೆ ಇನ್ನೂ ಇಳಿಸಬಹುದು, ಆಗಲೇ ಹೇಳಿದ ಹಾಗೆ. ಈ ಒಂದು ಚಕ್ರ ಕೈಗೆ ಒಗ್ಗಿದ ಮೇಲೆ ಉಳಿದವು ಒಂದೊಂದಾಗಿ ಬರುತ್ತವೆ.

ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಕಾಡುತೋಟಗಳಲ್ಲಿ, ಟಿ.ಎನ್.ಎ. ಪೆರುಮಾಳ್ ಅವರು ಬೆಂಗಳೂರಿನಿಂದ ಕಾಡುಮೇಡು ಅಲೆದು ಹಕ್ಕಿಗಳ ಚಿತ್ರ ತೆಗೆದ ಕಾಲದಲ್ಲಿ ಒಂದು ರೀಲಿಗೆ 36 ಚಿತ್ರ. ತೊಳೆಸಿದ ಮೇಲಷ್ಟೇ ಫಲ. ಯಾವ ಚಿತ್ರಕ್ಕೆ ಯಾವ ಸೆಟ್ಟಿಂಗ್ ಅಂತ ನೆನಪಿಡಲು ಬರೆದುಕೊಳ್ಳಬೇಕಿತ್ತು. ನಮ್ಮ ಡಿಜಿಟಲ್ ಕ್ಯಾಮೆರಾ ಪ್ರತಿ ಚಿತ್ರದ ಜೊತೆಗೂ ಹೊತ್ತು, ಶಟರ್, ಅಪರ್ಚರ್, ಐ.ಎಸ್.ಒ. ಎಲ್ಲವನ್ನೂ ತಾನೇ ಬರೆದಿಡುತ್ತದೆ. ರಾತ್ರಿ ಪಾತ್ರೆ ತೊಳೆದಾದ ಮೇಲೆ ನಾನು ಆ ದಿನದ ಚಿತ್ರಗಳನ್ನು ಈ ಅಂಕಿಗಳ ಜೊತೆ ನೋಡುತ್ತೇನೆ. ನನಗೆ ಗುರುವಿದ್ದರೆ ಅದು ಈ ಪಟ್ಟಿಯೇ.

ಇದೆಲ್ಲ ಯಾತಕ್ಕೆ, ಈ ವಯಸ್ಸಿನಲ್ಲಿ? ಕೆಲವರು ನೇರವಾಗಿಯೇ ಕೇಳುತ್ತಾರೆ. ಎರಡು ಉತ್ತರ ಇವೆ.

ಮೊದಲನೆಯದು ಮನೆಯದು. ನನ್ನ ತಾಯಿ ಮದ್ದೂರಿನ ಕಡೆಯವರು. ಈಗ 84 ವರ್ಷ, ನಮ್ಮ ಜೊತೆ ವಾಶಿಯಲ್ಲಿದ್ದಾರೆ. ಮಂಡಿ ನೋವು, ಕಣ್ಣೂ ಮಂಜು. ಎರಡನೇ ಮಹಡಿಯಿಂದ ಇಳಿಯುವುದೇ ಅಪರೂಪ. ಒಂದು ಸಂಜೆ ಭಿಗ್ವಣದ ಹಿನ್ನೀರಿನಲ್ಲಿ ತೆಗೆದ ಬಣ್ಣದ ಕೊಕ್ಕರೆಯ ಚಿತ್ರವನ್ನು ಟಿ.ವಿ.ಯ ಮೇಲೆ ಹಾಕಿ, ಮುಖ ಮಾತ್ರ ಕಾಣುವಷ್ಟು ದೊಡ್ಡದು ಮಾಡಿದೆ. ಅಮ್ಮ ಕುರ್ಚಿ ಮುಂದಕ್ಕೆ ಎಳೆದುಕೊಂಡು, “ಇದರ ಕಣ್ಣು ಕಾಣ್ತಿದೆಯಲ್ಲೇ” ಅಂದರು. ಆಮೇಲೆ ಒಂದು ಗಂಟೆ ಕೊಕ್ಕರೆ ಬೆಳ್ಳೂರಿನ ಮಾತು. ಅಲ್ಲಿ ಹುಣಸೆ ಮರಗಳ ಮೇಲೆ ಗೂಡು ಕಟ್ಟಲು ಬರುವ ಕೊಕ್ಕರೆ, ಹೆಜ್ಜಾರ್ಲೆಗಳನ್ನು ಊರವರು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಲೇ ನೋಡುತ್ತಾರೆ. ಅಮ್ಮ ಚಿಕ್ಕವರಿದ್ದಾಗ ಕೇಳಿದ ಆ ಮಾತುಗಳನ್ನು ನಾನು ಇಷ್ಟು ವರ್ಷ ಅವರ ಬಾಯಲ್ಲಿ ಕೇಳಿರಲೇ ಇಲ್ಲ. ಆ ಕಣ್ಣು ಮಸುಕಾಗಿದ್ದರೆ ಅಮ್ಮನಿಗೆ ಅದು ಟಿ.ವಿ.ಯ ಮೇಲಿನ ಇನ್ನೊಂದು ಬಿಳಿ ಮಚ್ಚೆ ಆಗುತ್ತಿತ್ತು.

ಎರಡನೆಯದು ಊರಿನದು. ಮುಂಬಯಿಯಲ್ಲೇ 1883ರಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ವಲಸೆ ಹಕ್ಕಿಗಳ ಕಾಲಿಗೆ ಉಂಗುರ, ಬಣ್ಣದ ಪಟ್ಟಿ ಹಾಕಿ ಬಿಡುತ್ತಾರೆ. ಚಿತ್ರದಲ್ಲಿ ಆ ಪಟ್ಟಿಯ ಅಕ್ಷರ, ಅಂಕಿ ಓದುವಂತಿದ್ದರೆ ಆ ಹಕ್ಕಿ ಎಲ್ಲಿಂದ ಹೊರಟು ಎಲ್ಲಿಗೆ ಬಂತು ಅಂತ ತಿಳಿಯುತ್ತದೆ. ಓದಲಾಗದಿದ್ದರೆ ಏನೂ ತಿಳಿಯುವುದಿಲ್ಲ. ಓಡುವ ಹಕ್ಕಿಯ ಕಾಲಿನ ಪಟ್ಟಿ ಓದಲು ಸಿಗುವುದು ಶಟರ್ ಸ್ಪೀಡ್ ಸರಿಯಿದ್ದಾಗ. ಹಾಗೆಯೇ, ಯಾವ ತಾರೀಖು ಯಾವ ಜೌಗಿನಲ್ಲಿ ಯಾವ ಹಕ್ಕಿ ಇತ್ತು ಅನ್ನುವುದನ್ನು ‘ಇ-ಬರ್ಡ್’ನಲ್ಲಿ ಚಿತ್ರಸಮೇತ ಯಾರು ಬೇಕಾದರೂ ದಾಖಲಿಸಬಹುದು. ನಾಳೆ ಅಲ್ಲಿ ಮಣ್ಣು ತುಂಬಿಸಲು ಹೊರಟವರು “ಇಲ್ಲಿ ಹಕ್ಕಿಗಳೇ ಇರಲಿಲ್ಲ” ಅಂದರೆ ತೋರಿಸಲು ಒಂದು ಪುರಾವೆ ಇರುತ್ತದೆ. ನಮ್ಮ ಪನ್ವೇಲಿನ ಐಶ್ವರ್ಯಾ ಶ್ರೀಧರ್ ಉರಣದ ಪಂಜೆ ಜೌಗಿನ ಬಗ್ಗೆ ಸಾಕ್ಷ್ಯಚಿತ್ರವನ್ನೇ ಮಾಡಿದಳು. 2020ರಲ್ಲಿ ಅವಳ ಮಿಂಚುಹುಳುಗಳ ಚಿತ್ರಕ್ಕೆ ಲಂಡನ್ನಿನ ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಯಲ್ಲಿ ಮನ್ನಣೆ ಸಿಕ್ಕಿತು. ನಮ್ಮ ಮಕ್ಕಳ ವಯಸ್ಸಿನ ಹುಡುಗಿ!

ಕೊನೆಯದಾಗಿ, ಕ್ಯಾಮೆರಾದ ಯಾವ ಮೆನುವಿನಲ್ಲೂ ಇಲ್ಲದ ಒಂದು ಸೆಟ್ಟಿಂಗ್. ಬಟನ್ ಒತ್ತದೇ ಇರುವುದು. ಗೂಡಿನ ಹತ್ತಿರ ಹೋಗಬೇಡಿ. ತಾಯಿ ಹಕ್ಕಿ ಎದ್ದುಹೋದರೆ ಮೊಟ್ಟೆ ಬಿಸಿಲಿಗೆ ಬೇಯುತ್ತದೆ, ಮರಿ ಕಾಗೆಯ ಪಾಲಾಗುತ್ತದೆ. ಕಾಡುಹಕ್ಕಿಯ ಗೂಡಿಗೆ, ಮೊಟ್ಟೆಗೆ ತೊಂದರೆ ಕೊಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ ಅಂತಲೇ ಕರೆಯುತ್ತದೆ. ಕೈಯಲ್ಲಿ ಕೋವಿ ಇಲ್ಲದಿದ್ದರೂ ಬೇಟೆಯೇ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ. ಬೇರೆ ಗಂಡು ಬಂತು ಅಂತ ಅದು ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ. ಹಿಂಡು ಏಳಲಿ ಅಂತ ಚಪ್ಪಾಳೆ ತಟ್ಟಿಸುವವರನ್ನು ದೋಣಿಯಲ್ಲಿ ನೋಡಿದ್ದೇನೆ. ಕಛ್‌ನಿಂದ ಹಾರಿ ಬಂದ ಹಕ್ಕಿ ಅದು, ತಿನ್ನಲು ಬಂದದ್ದು. ಆಗ ದೋಣಿಯವನಿಗೆ “ಭಾವೂ, ಥೋಡಂ ಲಾಂಬ್ ಠೇವಾ” ಅಂತ ಹೇಳುವ ಧೈರ್ಯವೂ ನಮ್ಮಲ್ಲಿರಬೇಕು.

ಈಗ ಮನೆಗೆಲಸ ಕೊಡುತ್ತೇನೆ, ಹಳೆಯ ಅಭ್ಯಾಸ. ಈ ವಾರ ಕಿಟಕಿಯ ಪಾರಿವಾಳವನ್ನು 1/60, 1/250, 1/1000, 1/2000 ಹೀಗೆ ನಾಲ್ಕು ವೇಗದಲ್ಲಿ ತೆಗೆಯಿರಿ. ಅದು ಕೂತಾಗ ಒಮ್ಮೆ, ಹಾರಿದಾಗ ಒಮ್ಮೆ. ಮುಂದಿನ ವಾರ ಕಾಗೆ, ಬೆಳ್ಳಕ್ಕಿ, ಪ್ಲಸ್-ಮೈನಸ್. ಮೂರನೆಯ ವಾರ ಕಣ್ಣಿನ ಮೇಲೆ ಒಂದೇ ಚುಕ್ಕಿ. ಚಿತ್ರಗಳನ್ನು ನಮ್ಮ ವಾಟ್ಸ್ಆ್ಯಪ್ ಗುಂಪಿಗೆ ಅಂಕಿಗಳ ಸಮೇತ ಹಾಕಿ, ಕೂತು ನೋಡೋಣ. ಕ್ಯಾಮೆರಾ ಇಲ್ಲದವರು ನನ್ನದನ್ನು ಒಂದೊಂದು ದಿನಕ್ಕೆ ಒಯ್ಯಬಹುದು. ಕೊಡುವಾಗ ಎಲ್ಲ ಬಟನ್ನುಗಳನ್ನೂ ಧಾರಾಳವಾಗಿ ಮುಟ್ಟಿ ಅಂತಲೇ ಕೊಡುತ್ತೇನೆ.

ಮುಂದಿನ ಶುಕ್ಲ ಏಕಾದಶಿಗೆ ಐರೋಳಿಗೆ ಹೋಗೋಣ. ಹೆಸರು ಕೊಡುವವರು ಕಾರ್ಯದರ್ಶಿಯವರ ಹತ್ತಿರ ಕೊಡಿ. ಕತ್ತಲಲ್ಲಿ ಒಬ್ಬೊಬ್ಬರೇ ಬರಬೇಡಿ, ಜೊತೆಯಾಗಿ ಬನ್ನಿ. ಟೋಪಿ, ನೀರು, ಮಾಸಲು ಬಣ್ಣದ ಬಟ್ಟೆ ಇರಲಿ. ಮೊದಲ ಹತ್ತು ನಿಮಿಷ ಯಾರೂ ಕ್ಯಾಮೆರಾ ತೆಗೆಯುವಂತಿಲ್ಲ, ಬರೀ ನೋಡಬೇಕು.